ಗೂಟದ ಮೇಲೆ ಎರಡು ಕೈ

ಓದುವ ಹಿರಿಯರಿಗೂ ತಾಯಂದಿರಿಗೂ ಶರಣು. ನನ್ನ ಅಕ್ಷರ ಸೊಟ್ಟ, ಮಾತಿಗೂ ಬಡತನ. ನಾನು ಶಾಲೆಯಲ್ಲಿ ಕುಳಿತದ್ದು ಸ್ವಲ್ಪವೇ ಕಾಲ. ತಂಗಿ ಹುಟ್ಟಿದಾಗ ಅವಳನ್ನು ಎತ್ತಿಕೊಳ್ಳಲು ಮನೆಯಲ್ಲಿ ಉಳಿದವಳು ಮತ್ತೆ ಹೋಗಲಿಲ್ಲ. ಮಠದಲ್ಲಿ ಪುರಾಣ ಕೇಳುತ್ತ ಕಿವಿಯಲ್ಲಿ ನಿಂತ ಮಾತುಗಳನ್ನೇ ಕೂಡಿಸಿ ಇದನ್ನು ಬರೆಯುತ್ತಿದ್ದೇನೆ. ಮಹಾತ್ಮರ ವಿಷಯ ಬರೆಯಲು ನನ್ನಂಥವಳಿಗೆ ಯೋಗ್ಯತೆ ಎಲ್ಲಿಯದೆಂದು ಬಹಳ ವರ್ಷ ಸುಮ್ಮನಿದ್ದೆ. ಆದರೆ ಈ ಪ್ರಸಂಗವನ್ನು ನನಗೆ ಹೇಳಿದ ನಿಂಬೆವ್ವ ಈಗ ಇಲ್ಲ. ನಾನೂ ಬರೆಯದಿದ್ದರೆ ಪೂಜ್ಯ ಹಾಲವ್ವ ತಾಯಿಯವರ ಈ ಮಾತು ಮುಂದಿನವರ ಕಿವಿಗೆ ಬೀಳದೆ ಹೋದೀತೆಂಬ ಒಂದೇ ಅಂಜಿಕೆಯಿಂದ ಕೈಗೆ ಪೆನ್ನು ತೆಗೆದುಕೊಂಡಿದ್ದೇನೆ.

ಬನ್ನಿಗಟ್ಟಿಯ ಮಠ ದೊಡ್ಡದಲ್ಲ. ಮಣ್ಣಿನ ಮಾಳಿಗೆ, ಮುಂದೆ ಒಂದು ಬೇವಿನ ಮರ, ಒಳಗೆ ಹಿರಿಯ ಗುರುಗಳ ಗದ್ದುಗೆ, ಅದರ ಮಗ್ಗುಲಲ್ಲಿ ಹೊಗೆ ಹಿಡಿದ ದಾಸೋಹದ ಮನೆ, ಇಷ್ಟೇ. ಹಾಲವ್ವ ತಾಯಿಯವರು ಆ ಮಠಕ್ಕೆ ಹಿರಿಯರಾಗಿದ್ದರೂ ಅವರು ಎತ್ತರದ ಪೀಠದ ಮೇಲೆ ಕುಳಿತದ್ದನ್ನು ಕಂಡವರಿಲ್ಲ. ದರ್ಶನಕ್ಕೆ ಬಂದವರು ಅವರನ್ನು ಬೀಸುವ ಕಲ್ಲಿನ ಬಳಿಯೇ ಹುಡುಕಬೇಕಾಗಿತ್ತು. ಊರಿಗೆ ಗಿರಣಿ ಬಂದ ಮೇಲೂ ದಾಸೋಹದ ಜೋಳವನ್ನು ಆ ಕಲ್ಲಿನಲ್ಲಿಯೇ ಬೀಸಬೇಕೆಂಬುದು ಅವರ ನೇಮ.

ಕಲ್ಲು ಭಾರವಾದದ್ದು. ಒಬ್ಬರೇ ಬೀಸಿದರೆ ತೋಳು ಸೋಲುತ್ತಿತ್ತು. ಆದುದರಿಂದ ಇಬ್ಬರು ಎದುರುಬದುರಾಗಿ ಕುಳಿತು, ಒಂದೇ ಗೂಟವನ್ನು ಒಬ್ಬರು ಮೇಲೆ ಒಬ್ಬರು ಕೆಳಗೆ ಹಿಡಿದು ತಿರುಗಿಸುವುದು ಅಲ್ಲಿಯ ಪದ್ಧತಿ. ತಾಯಿಯವರ ಎದುರಿನ ಜಾಗ ಯಾರದೂ ಅಲ್ಲ. ಅಂದು ಯಾರು ಮೊದಲು ಬಂದರೋ ಅವರದು. ಮನಸ್ಸಿನಲ್ಲಿ ಭಾರವಿದ್ದವರು ಬೇಗ ಬಂದು ಆ ಜಾಗ ಹಿಡಿಯುತ್ತಿದ್ದರು. ತಾಯಿಯವರು ಹೆಚ್ಚು ಮಾತನಾಡುವವರಲ್ಲ. ಜೊತೆಗೆ ಬೀಸುತ್ತಿದ್ದರು, ಅಷ್ಟೇ.

ಅಂಥ ಒಂದು ಬೆಳಿಗ್ಗೆ, ಮೊದಲ ಬಸ್ಸು ಬಂದು ಹೋದ ಹೊತ್ತಿಗೆ, ಎರಿಹಳ್ಳಿಯಿಂದ ಇಬ್ಬರು ಹೆಂಗಸರು ಮಠದ ಹೊಸ್ತಿಲು ದಾಟಿದರು. ಮುಂದೆ ಬಂದವಳು ಕಾಶವ್ವ. ಅವಳ ಕಣ್ಣಿಗೆ ಪೊರೆ ಬಂದು ದೃಷ್ಟಿ ಮಂಜಾಗಿತ್ತು; ಹೆಗಲ ಮೇಲೆ ಎರಡು ತಿಂಗಳೂ ತುಂಬದ ಹೆಣ್ಣು ಕೂಸು. ಹಿಂದೆ, ಅವಳಿಂದ ದೂರವೇ ನಡೆದು ಬಂದವಳು ನಿಂಬೆವ್ವ. ನಿಂಬೆವ್ವನ ಮಗಳನ್ನು ಕಾಶವ್ವನ ಮಗನಿಗೆ ಕೊಟ್ಟಿತ್ತು; ಹೀಗಾಗಿ ಇಬ್ಬರೂ ಬೀಗತಿಯರು, ಆ ಕೂಸಿನ ಇಬ್ಬರು ಅಜ್ಜಿಯರು. ನಿಂಬೆವ್ವನ ಬಲಗೈಗೆ ಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ ಹಳೆಯ ಸೀರೆಯ ಅರಿವೆ ಸುತ್ತಿತ್ತು. ನೋಡಿದವರು ಸುಟ್ಟ ಗಾಯವೆಂದುಕೊಳ್ಳಬೇಕು. ಗಾಯವೇನೂ ಇರಲಿಲ್ಲ.

ನಿಂಬೆವ್ವ ಸೂಲಗಿತ್ತಿ. ಎರಿಹಳ್ಳಿಯಲ್ಲಿ ಓಡಾಡುವ ಮಕ್ಕಳೆಲ್ಲ ಅವಳ ಕೈಗೇ ಮೊದಲು ಬಿದ್ದವರು. ಹೆರಿಗೆಯಾದ ಮನೆಯವರು ಉಡಿಯಲ್ಲಿ ಜೋಳ, ಬೆಲ್ಲ, ಕುಬಸದ ಖಣ ಹಾಕಿ ಕೈಮುಗಿದಾಗ ಅವಳು ಒಂದೇ ಮಾತು ಹೇಳುತ್ತಿದ್ದಳು: "ನಂದೇನೈತ್ರೀ ಇದರಾಗ. ಶಿವ ಕೊಟ್ಟ, ನಾ ಹಿಡದೆ." ಊರಿನಲ್ಲಿ ಆ ಮಾತು ಅವಳ ಹೆಸರಿನಷ್ಟೇ ಪರಿಚಿತವಾಗಿತ್ತು.

ಮಗಳು ಹೊನ್ನವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಕೂಸು ಸುಖವಾಗಿ ಹೊರಗೆ ಬಂದಿತು. ಆದರೆ ರಕ್ತ ನಿಲ್ಲಲಿಲ್ಲ. ಬಳಿಯಲ್ಲಿದ್ದ ಕಾಶವ್ವ ಗಾಡಿ ಹೂಡಿಸಿ ತಾಲೂಕಿನ ಆಸ್ಪತ್ರೆಗೆ ಒಯ್ಯೋಣವೆಂದಳು. ನಿಂಬೆವ್ವ ಬೇಡವೆಂದಳು. ಇಂಥದ್ದನ್ನು ಎಷ್ಟೋ ಕಂಡಿದ್ದಳು, ತನ್ನ ಕೈಯಲ್ಲಿಯೇ ನಿಂತಿತ್ತು, ಈಗಲೂ ನಿಲ್ಲುತ್ತದೆಂದು ನಂಬಿದಳು. "ಇನ್ನೊಂದೀಟು ತಡೀ" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹಾಗೆಯೇ ಎಂದಳು. ಗಾಡಿ ಹೂಡುವ ಹೊತ್ತಿಗೆ ಹೊನ್ನವ್ವನ ತುಟಿಗಳು ಬೆಳ್ಳಗಾಗಿದ್ದವು. ಹಳ್ಳ ದಾಟುವಾಗ ಅವಳು ಅವ್ವನ ಕೈ ಹಿಡಿದುಕೊಂಡಿದ್ದಳು. ಹಳ್ಳದ ಆಚೆಯ ಏರಿನಲ್ಲಿ ಆ ಹಿಡಿತ ಸಡಿಲವಾಯಿತು.

ಮಣ್ಣು ಮಾಡಿ ಬಂದ ದಿನ ಕಾಶವ್ವ ಎಲ್ಲರೆದುರು ಕೇಳಿದ್ದಳು: "ಹುಟ್ಟಿದವರನ್ನೆಲ್ಲಾ ಶಿವ ಕೊಟ್ಟ ಅಂತಿದ್ದಿ. ನನ್ನ ಸೊಸೀನ ಯಾರು ಒಯ್ದರು, ಅದನ್ನೂ ಹೇಳಬೇ." ನಿಂಬೆವ್ವ ಒಳಗೆ ಹೋಗಿ ಮಗಳ ಹಳೆಯ ಸೀರೆಯಿಂದ ಒಂದು ಅಗಲವಾದ ತುಂಡನ್ನು ಹರಿದು ಬಲಗೈಗೆ ಸುತ್ತಿಕೊಂಡಳು. ಅಂದಿನಿಂದ ಆ ಕೈಯಿಂದ ಅನ್ನ ಉಣ್ಣಲಿಲ್ಲ, ನೀರು ಸೇದಲಿಲ್ಲ. ಕೂಸನ್ನು ಒಮ್ಮೆಯೂ ಮುಟ್ಟಲಿಲ್ಲ.

ಕಲ್ಲಿನ ಮುಂದೆ ಕುಳಿತಿದ್ದ ತಾಯಿಯವರು ಅವರನ್ನು ನೋಡಿ ಬೀಸುವುದನ್ನು ನಿಲ್ಲಿಸಿದರು. "ಬರ್ರಿ, ಕೂಡ್ರಿ" ಎಂದರು.

ಕಾಶವ್ವ ಕೂಡುವ ಮೊದಲೇ ಮಾತು ತೆಗೆದಳು. "ಯವ್ವಾ, ಈಕಿ ನಮ್ಮ ಬೀಗತಿ. ಕೂಸಿನ್ನ ಮುಟ್ಟವಲ್ಲಳ್ರೀ. ನೆರೀಮನಿ ಬಾಣಂತಿ ಹಾಲು ಕುಡಸ್ತಾಳ, ಪುಣ್ಯಾತ್ಗಿತ್ತಿ. ಉಳದದ್ದೆಲ್ಲಾ ನಾನು. ನನಗ ಕಣ್ಣು ಕಾಣಂಗಿಲ್ಲ. ನಿನ್ನೆ ಎರೆಯುವಾಗ ಮೂಗಿನಾಗ ನೀರು ಹೋಗಿ ಕೂಸಿನ ಮಾರಿ ನೀಲಿ ಆಗಿತ್ತು. ಇದ ಹಿಂಗಾದ್ರ ಇದೂ ಉಳಿಯಂಗಿಲ್ರೀ."

"ಮತ್ತ ಏನ ಮಾಡಬೇಕಂತೀರಿ?"

"ಹೊಳೀ ಆಚೆ ಮಕ್ಕಳಿಲ್ಲದ ಒಂದು ಜೋಡಿ ಐತಿ. ನಾಳೆ ಬಂದು ಒಯ್ತೀವಿ ಅಂದಾರ. ನನ್ನ ಮಗನೂ ಒಪ್ಯಾನ. ಒಯ್ದರ ಆತು, ಮತ್ತ ಅದರ ಮಾರಿ ಕಾಣೂದು ನಮಗಿಲ್ಲ. ಈಕಿ ಹೂಂ ಅಂದು ಸಾಕಿದರ ಕೊಡೂದಿಲ್ಲ. ಈಕಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗೇತಿ. ನೀವ ಹೇಳ್ರಿ."

ತಾಯಿಯವರು ನಿಂಬೆವ್ವನ ಕಡೆಗೆ ತಿರುಗಿದರು. ನಿಂಬೆವ್ವ ಕಂಬದ ಬುಡದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅವಳು ಬಂದದ್ದು ಕೂಸಿನ ಮಾತಿಗಾಗಿ ಅಲ್ಲ. ಅವಳ ಮನಸ್ಸಿನಲ್ಲಿ ಬೇರೆಯೇ ಒಂದು ನಿಶ್ಚಯವಿತ್ತು. ಹರಕೆ ಹೊತ್ತವರು ಮಠಕ್ಕೆ ಹೋರಿಗರುವನ್ನು ಬಿಡುವುದನ್ನು ಅವಳು ಕಂಡಿದ್ದಳು. ಹಾಗೆ ಬಿಟ್ಟ ಹೋರಿಯ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. ಅದು ದುಡಿಮೆಯಿಂದಲೂ ದೋಷದಿಂದಲೂ ದೂರವಾಗಿ ಬದುಕುತ್ತದೆ. ಅವಳು ಅರಿವೆ ಸುತ್ತಿದ ಕೈಯನ್ನು ಮುಂದಕ್ಕೆ ಚಾಚಿದಳು.

"ಯವ್ವಾ, ಈ ಕೈ ಮಠಕ್ಕ ಬಿಡ್ತೀನ್ರೀ. ಹೋರಿ ಬಿಟ್ಟಂಗ. ಇನ್ನ ಇದು ಯಾವ ಕೆಲಸಾನೂ ಮಾಡಬಾರದು. ಯಾರನ್ನೂ ಮುಟ್ಟಬಾರದು. ವಿಭೂತಿ ಹಚ್ಚಿ ಒಪ್ಪಿಕೊಂಡ ಬಿಡ್ರಿ."

ಕಾಶವ್ವ ಹಣೆ ಬಡಿದುಕೊಂಡಳು. "ಕೇಳಿದಿರಿಲ್ಲೋ. ಇಂಥಾ ಮಾತ ಆಡತಾಳ್ರೀ."

ತಾಯಿಯವರು ಬಟ್ಟಲಿನಲ್ಲಿದ್ದ ವಿಭೂತಿಯನ್ನು ತೆಗೆದು ಆ ಅರಿವೆಯ ಮೇಲೆಯೇ ಹಚ್ಚಿದರು. ಅನಂತರ ಶಾಂತವಾಗಿ ಕೇಳಿದರು: "ಬಿಟ್ಟಿಯಿಲ್ಲೋ?"

"ಬಿಟ್ಟೆನ್ರೀ."

"ಬಿಟ್ಟ ಮ್ಯಾಲೆ ಅದು ನಿಂದಲ್ಲ, ಮಠದ್ದು. ಹೋರಿಯಾದ್ರ ಊರ ಮಂದಿ ಕಾಳು ಹಾಕತಾರ, ತಿಂದು ತಿರಗತೈತಿ. ಈ ಕೈನ್ನ ನಾವು ಎಲ್ಲಿ ಬಿಡೂಣು? ಇಲ್ಲಿ ಬಾ. ಎದುರು ಕೂಡು. ಗೂಟ ಹಿಡಿ."

ನಿಂಬೆವ್ವ ಬೆಚ್ಚಿ ನೋಡಿದಳು. ಕೊಟ್ಟ ಕೈಯನ್ನು ತಾನೇ ಹಿಂದಕ್ಕೆ ಕೇಳುವುದು ಹೇಗೆ? ಕುಳಿತಳು. ತಾಯಿಯವರು ಗೂಟದ ಮೇಲ್ಭಾಗವನ್ನು ಹಿಡಿದರು. ಅವರ ಮುಷ್ಟಿಯ ಕೆಳಗೆ ನಿಂಬೆವ್ವ ಅರಿವೆ ಸುತ್ತಿದ ತನ್ನ ಕೈಯನ್ನು ಇಟ್ಟಳು. ಕಲ್ಲು ತಿರುಗಿತು.

ಬಹಳ ದಿನ ಕೆಲಸವಿಲ್ಲದೆ ಇದ್ದ ಕೈ. ಅರಿವೆ ಬೇರೆ ನುಣ್ಣಗೆ ಜಾರುತ್ತಿತ್ತು. ತಾಯಿಯವರ ಎಳೆತ ಒಂದೇ ಸಮನಾಗಿತ್ತು. ಇವಳ ಎಳೆತ ಒಮ್ಮೆ ಬಿಗಿ, ಒಮ್ಮೆ ಸಡಿಲ. ಕಲ್ಲು ತಡೆದು ತಡೆದು ತಿರುಗಿತು. ಸುತ್ತಲೂ ಬಿದ್ದ ಹಿಟ್ಟು ಅರ್ಧ ಒಡೆದ ನುಚ್ಚಿನಂತೆ ತರಿತರಿಯಾಗಿತ್ತು. ತಾಯಿಯವರು ಮತ್ತೊಂದು ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕಿದರು, ಮತ್ತೊಂದು ಹಿಡಿ ಹಾಕಿದರು. ಕಾಶವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತ ಕುಳಿತಳು.

ಬೀಸುತ್ತಲೇ ತಾಯಿಯವರು ಕೇಳಿದರು: "ನೀ ಹಿಡಿದ ಕೂಸುಗಳು ಬದುಕ್ಯಾವಲ್ಲ, ಅವು ಯಾರವು?"

"ಶಿವ ಕೊಟ್ಟವು."

"ಹೊನ್ನವ್ವ?"

"ನಾ ಕೊಂದದ್ದು."

"ಬದುಕಿದ್ದು ಅವಂದು, ಸತ್ತದ್ದು ನಿಂದು. ಹಿಂಗ ಪಾಲು ಹಾಕಿದವರು ಯಾರು?"

ಕಾಶವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು: "ನಾನ ಹಾಕಿದೆನ್ರೀ ಯವ್ವಾ. ಸಿಟ್ಟಿನಾಗ ಹಾಕಿದೆ."

"ನೀ ಒಂದ ದಿನ ಹಾಕಿದಿ. ಈಕಿ ಮೊದಲಿಂದ ಹಾಕ್ಕೊಂತ ಬಂದಾಳ" ಎಂದರು ತಾಯಿಯವರು. ಮೊರಕ್ಕೆ ಸುರಿದಿದ್ದ ಹಿಟ್ಟನ್ನು ಒಂದಿಷ್ಟು ತೆಗೆದು ನಿಂಬೆವ್ವನ ಮುಂದೆ ಹಿಡಿದರು. "ಇದರಾಗ ನೀ ಬೀಸಿದ್ದು ಯಾವುದು, ನಾ ಬೀಸಿದ್ದು ಯಾವುದು, ಬ್ಯಾರೆ ಮಾಡಿ ತೋರಸು."

"ಹ್ಯಾಂಗ ಬ್ಯಾರೆ ಮಾಡಲ್ರೀ ಯವ್ವಾ. ಎಲ್ಲಾ ಇಬ್ಬರೂ ಕೂಡೇ ಬೀಸಿದ್ದು."

"ಅರ್ಧ ನಿಂದು, ಅರ್ಧ ನಂದು ಅನ್ನಲೇನು?"

ನಿಂಬೆವ್ವ ಹಿಟ್ಟನ್ನೇ ನೋಡಿದಳು. ಬೀಸುವುದನ್ನು ಬಲ್ಲವಳು; ಅದೂ ನಿಜವಲ್ಲವೆಂದು ಅವಳಿಗೆ ತಿಳಿಯಿತು. ಕಲ್ಲಿನ ಪ್ರತಿ ಸುತ್ತಿನಲ್ಲಿಯೂ ಎರಡು ಕೈಗಳೂ ಇದ್ದವು. ಯಾವ ಕಾಳೂ ಒಂದೇ ಕೈಗೆ ಒಡೆದಿರಲಿಲ್ಲ. "ಅಲ್ರೀ. ಎಲ್ಲಾನೂ ನಿಂದ, ಎಲ್ಲಾನೂ ನಂದ" ಎಂದಳು. ಎಂದಮೇಲೆ ತಾಯಿಯವರನ್ನು ಏಕವಚನದಲ್ಲಿ ಕರೆದುದಕ್ಕೆ ನಾಚಿ ನಾಲಿಗೆ ಕಚ್ಚಿಕೊಂಡಳು.

ತಾಯಿಯವರು ನಕ್ಕು ಮತ್ತೆ ಗೂಟಕ್ಕೆ ಕೈಯಿಟ್ಟರು.

ನಿಂಬೆವ್ವ ಇಡಲಿಲ್ಲ. ಇಷ್ಟು ದಿನ ಎದೆಯೊಳಗೆ ಒತ್ತಿ ಇಟ್ಟಿದ್ದ ಮಾತು ಈಗ ಹೊರಗೆ ಬಂದಿತು. ಅದರಲ್ಲಿ ಭಕ್ತಿ ಇರಲಿಲ್ಲ, ಬೆಂಕಿಯಿತ್ತು. "ಹಂಗಾದ್ರ ನನ್ನ ಮಗಳ ಸಾವಿನಾಗ ಅವನ ಕೈನೂ ಇತ್ತೇನ್ರೀ? ಇದ್ದೂ ಸುಮ್ಮನ ಇದ್ದನೇನು? ಇಂಥಾ ಶಿವನ ಗದ್ದಿಗಿಗೆ ನಾ ಯಾಕ ಅಡ್ಡ ಬೀಳಬೇಕು?"

ಕಾಶವ್ವ ಕೂಸನ್ನು ತಟ್ಟುವುದನ್ನು ನಿಲ್ಲಿಸಿದಳು. ಗದ್ದುಗೆಯ ಮುಂದೆ ಇಂಥ ಮಾತನ್ನು ಯಾರೂ ಆಡಿದವರಿಲ್ಲ. ತಾಯಿಯವರು ಬೇಸರಪಡಲಿಲ್ಲ. ಅವರ ಕಣ್ಣುಗಳು ಒದ್ದೆಯಾದವು.

"ಅವನ ಕೈ ಇಲ್ಲದ ಜಾಗಾ ಯಾವುದೈತಿ ಮಗಳಾ. ನಿನ್ನ ಬೆರಳಾಗ ಆಡೂ ಬಲ ಅವಂದು. ಹೊನ್ನವ್ವನ ಉಸಿರು ಅವಂದು. ತಡಾ ಮಾಡಿದ್ದು ನಿಂದು. ಅದನ್ನ ನಾ ಅಳಸೂದಿಲ್ಲ. ಅಳಸಿದರ ನೀನ ನನ್ನ ನಂಬೂದಿಲ್ಲ."

ನಿಂಬೆವ್ವ ತಲೆಯೆತ್ತಿದಳು. ಅಂದಿನವರೆಗೆ ಸಮಾಧಾನ ಹೇಳಲು ಬಂದವರೆಲ್ಲ ನಿನ್ನದೇನೂ ತಪ್ಪಿಲ್ಲವೆಂದು ಹೇಳಿದ್ದರು. ಅವರಲ್ಲಿ ಒಬ್ಬರನ್ನೂ ಅವಳು ನಂಬಿರಲಿಲ್ಲ.

ತಾಯಿಯವರು ಮೊರದ ಕಡೆಗೆ ಬೆರಳು ಮಾಡಿದರು. "ಹಿಟ್ಟು ಯಾಕ ತರಿ ಆತು?"

"ನನ್ನ ಕೈ ತಡವರಿಸಿತ್ರೀ."

"ನಾ ಎಳೆಯೂದು ಬಿಟ್ಟಿದ್ದೆನೇನು?"

"ಇಲ್ರೀ."

"ತರಿ ನಿನ್ನ ಕೈಯಿಂದ ಬಂತು. ಬಂತಂತ ನಾ ಗೂಟ ಬಿಟ್ಟು ಎದ್ದು ಹೋದೆನೇನು?"

"ಇಲ್ರೀ ಯವ್ವಾ."

"ಅವನೂ ಹೋಗಿಲ್ಲ. ನೀ ಒಬ್ಬಾಕೀನ ಮಾಡಿದ್ದಲ್ಲ ಅದು. ಒಬ್ಬಾಕೀನ ಅಳಬ್ಯಾಡ."

ಅಷ್ಟೇ ಮಾತು. ನಿಂಬೆವ್ವ ಕಲ್ಲಿನ ಮೇಲೆ ಹಣೆಯಿಟ್ಟಳು. ಮಗಳನ್ನು ಮಣ್ಣಿಗಿಟ್ಟ ದಿನವೂ ಹೊರಗೆ ಬಾರದಿದ್ದ ಅಳು ಅಂದು ಬಂದಿತು. ತಾಯಿಯವರು ಅವಳ ತಲೆ ಸವರಲಿಲ್ಲ, ಸಮಾಧಾನ ಮಾಡಲಿಲ್ಲ. ಗೂಟವನ್ನು ಹಿಡಿದುಕೊಂಡೇ ಅವಳೆದುರು ಕುಳಿತಿದ್ದರು, ತಾವೂ ಅತ್ತರು. ಕಾಶವ್ವ ಮಂಜುಗಣ್ಣಿನಿಂದ ಗೋಡೆಯ ಕಡೆಗೆ ನೋಡುತ್ತ ತನ್ನಷ್ಟಕ್ಕೆ ಹೇಳಿಕೊಂಡಳು: "ನೀ ಬ್ಯಾಡಂದ್ರೂ ನಾ ಗಾಡಿ ಹೂಡಸಬೇಕಿತ್ತು. ಹೂಡಸಲಿಲ್ಲ ನಾನು. ನಿನ್ನ ಕೈ ಮ್ಯಾಲೆ ನನಗೂ ಭಾಳ ನಂಬಿಗಿ ಇತ್ತು."

ಆ ಹೊತ್ತಿಗೆ ಕೂಸು ಎಚ್ಚೆತ್ತು ಅಳತೊಡಗಿತು. ತಾಯಿಯವರು ಕಣ್ಣೊರೆಸಿಕೊಂಡು ಸಹಜವಾದ ದನಿಯಲ್ಲಿ ಹೇಳಿದರು: "ಒಲೀ ಮ್ಯಾಲೆ ನೀರು ಕಾದಾವು. ನಿಂಬೆವ್ವಾ, ಮಠದ ಕೈ ನಿನ್ನ ಹತ್ತಿರ ಐತಲ್ಲ, ಕೂಸಿಗೆ ಎರಕೊಂಡು ಬಾ ಅಂತ ಹೇಳು ಅದಕ್ಕ."

ನಿಂಬೆವ್ವ ತನ್ನ ಕೈಯನ್ನು ನೋಡಿಕೊಂಡಳು. ಅರಿವೆಯ ಗಂಟಿಗೆ ಎಡಗೈ ಹಾಕಿದಳು. ಗಂಟು ಬಿಗಿದು ಹೋಗಿತ್ತು, ಹಲ್ಲಿನಿಂದ ಬಿಚ್ಚಿದಳು. ಸುತ್ತು ಬಿಚ್ಚಿದಂತೆ ಒಳಗಿನ ಚರ್ಮ ಬಿಳಿಚಿ, ನೀರಿನಲ್ಲಿ ನೆಂದಂತೆ ಸುಕ್ಕಾಗಿ ಕಂಡಿತು. ಅರಿವೆಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡಳು.

ಬಚ್ಚಲಿನ ಕಲ್ಲಿನ ಮೇಲೆ ಕುಳಿತು ಕಾಲು ಚಾಚಿದಳು. ಕಾಶವ್ವ ತಡವರಿಸುತ್ತ ಕೂಸನ್ನು ತಂದು ಅವಳ ಕಾಲುಗಳ ಮೇಲೆ ಮಲಗಿಸಿದಳು. ನಿಂಬೆವ್ವನ ಬಲಗೈ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಕೆಳಗಿಳಿದು ಕೂಸಿನ ಕತ್ತಿನ ಕೆಳಗೆ ಸೇರಿಕೊಂಡಿತು.

"ಬೀಗತೀ, ನೀ ನೀರು ಹಾಕು. ಮೆತ್ತಗ ಹಾಕವಾ. ಮಾರಿ ಕಡೆ ಬ್ಯಾಡ, ಎದಿ ಮ್ಯಾಲೆ."

"ಎದಿ ಯಾವ ಕಡೆ ಐತೋ ನನಗೇನ ಕಾಣತೈತಿ."

"ನನ್ನ ದನಿ ಬಂದ ಕಡೆ ಹಾಕು."

ನೀರು ಬಿದ್ದಿತು. ಕೂಸು ಒಮ್ಮೆ ಚೀರಿ, ಬಿಸಿನೀರಿನ ಹಿತಕ್ಕೆ ಸುಮ್ಮನಾಯಿತು. ಕಿವಿಯ ಹಿಂದೆ ಎಣ್ಣೆ ತಿಕ್ಕುವಾಗ ನಿಂಬೆವ್ವನ ಬೆರಳಿಗೆ ಒಂದು ಸಣ್ಣ ಮಚ್ಚೆ ಸಿಕ್ಕಿತು. ಹೊನ್ನವ್ವನಿಗೂ ಅದೇ ಜಾಗದಲ್ಲಿ ಅಂಥದೇ ಮಚ್ಚೆಯಿತ್ತು. ಅವಳನ್ನು ಎರೆಯುವಾಗ ಇದೇ ಬೆರಳಿಗೆ ಸಿಗುತ್ತಿತ್ತು.

"ಅಳಾಕತ್ತಿಯೇನು?" ಎಂದಳು ಕಾಶವ್ವ.

"ಹೂಂ."

"ಅಳು. ನಾ ನೀರು ಹಾಕತೀನಿ."

ಎರೆದಾದ ಮೇಲೆ ಒರೆಸಲು ಒಣಗಿದ ಬಟ್ಟೆ ಬೇಕಾಯಿತು. ನಿಂಬೆವ್ವ ಹೆಗಲ ಮೇಲಿದ್ದ ಮಗಳ ಸೀರೆಯ ತುಂಡನ್ನು ತೆಗೆದು, ಅದರಲ್ಲಿಯೇ ಕೂಸನ್ನು ಸುತ್ತಿ ಎದೆಗೆ ಒತ್ತಿಕೊಂಡಳು.

ಮಧ್ಯಾಹ್ನ ದಾಸೋಹಕ್ಕೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಆ ತರಿ ಹಿಟ್ಟನ್ನು ಬೇರೆ ತೆಗೆದಿಟ್ಟು, ದನಗಳಿಗೆ ಹಾಕೋಣವೆಂದು ಮಾತಾಡಿಕೊಂಡರು. ತಾಯಿಯವರು ಕೇಳಿಸಿಕೊಂಡು ಹೇಳಿದರು: "ಅದರ ರೊಟ್ಟಿ ನನಗ ಹಾಕ್ರಿ. ನಾನೂ ಬೀಸೀನಿ." ರೊಟ್ಟಿ ಅಂಚಿನಲ್ಲೆಲ್ಲ ಒಡೆದಿತ್ತು, ತಟ್ಟೆಗೆ ಬೀಳುವಾಗಲೇ ಚೂರಾಯಿತು. ತಾಯಿಯವರು ಆ ಚೂರುಗಳನ್ನು ಒಂದೊಂದಾಗಿ ಆರಿಸಿ, ಪ್ರಸಾದವನ್ನು ಸ್ವೀಕರಿಸುವಂತೆ ಸ್ವೀಕರಿಸಿದರು. ನಿಂಬೆವ್ವ ಎದುರಿನ ಸಾಲಿನಲ್ಲಿ ಕುಳಿತು, ಕೂಸನ್ನು ಎಡ ತೊಡೆಯ ಮೇಲೆ ಹಾಕಿಕೊಂಡು, ಬಲಗೈಯಿಂದ ಉಂಡಳು. ಪದೇಪದೇ ತಾಯಿಯವರ ತಟ್ಟೆಯ ಕಡೆಗೆ ನೋಡುತ್ತಿದ್ದಳು.

ಮರುದಿನ ಹೊಳೆಯಾಚೆಯಿಂದ ಬಂದ ದಂಪತಿಗಳಿಗೆ ಕಾಶವ್ವ ಊಟ ಹಾಕಿ, ಕೈಮುಗಿದು, ಬರಿಗೈಯಲ್ಲಿ ಕಳಿಸಿದಳು. ಅವರೂ ಪಾಪ ಅತ್ತುಕೊಂಡೇ ಹೋದರಂತೆ.

ನಿಂಬೆವ್ವ ಮತ್ತೆ ಸೂಲಗಿತ್ತಿಯ ಕೆಲಸಕ್ಕೆ ಕೈ ಹಚ್ಚಿದಳು. ಆದರೆ ಯಾವ ಮನೆಗೆ ಕರೆ ಬಂದರೂ, ಮೊದಲು ಗಾಡಿ ಹೂಡಿ ಬಾಗಿಲಲ್ಲಿ ನಿಲ್ಲಿಸಿ, ಆಮೇಲೆ ತನಗೆ ಹೊಸ್ತಿಲು ದಾಟಲು ಹೇಳಿರೆನ್ನುತ್ತಿದ್ದಳು. ಅನುಮಾನ ಬಂದರೆ ಆಸ್ಪತ್ರೆಗೆ ಕಳಿಸಲು ತಡಮಾಡುತ್ತಿರಲಿಲ್ಲ. ಉಡಿ ತುಂಬಿದವರು ಅವಳ ಹಳೆಯ ಮಾತನ್ನು ಮತ್ತೆ ಕೇಳಲಿಲ್ಲ. ಎರಡೂ ಕೈ ಹಣೆಗೆ ಒತ್ತಿಕೊಂಡು ಸುಮ್ಮನೆ ಎದ್ದು ಬರುತ್ತಿದ್ದಳು. ದುಃಖ ಅವಳನ್ನು ಬಿಟ್ಟಿತೆಂದು ನಾನು ಬರೆದರೆ ಸುಳ್ಳಾದೀತು. ಹಳ್ಳದ ಆಚೆಯ ಏರು ಬಂದಾಗಲೆಲ್ಲ ಅವಳು ಗಾಡಿಯಿಂದ ಇಳಿದು ನಡೆಯುತ್ತಿದ್ದಳು. ಅದು ಕೊನೆಯವರೆಗೂ ಇತ್ತು.

ತಾಯಿಯವರು ಲಿಂಗೈಕ್ಯರಾದ ಮೇಲೆ ಮಠದ ಜೋಳ ಗಿರಣಿಗೆ ಹೋಗತೊಡಗಿತು. ಆದರೂ ವರ್ಷಕ್ಕೊಮ್ಮೆ, ಹೊನ್ನವ್ವ ತೀರಿದ ದಿನ, ನಿಂಬೆವ್ವ ಬನ್ನಿಗಟ್ಟಿಗೆ ಬಂದು ಆ ಕಲ್ಲಿನ ಮುಂದೆ ಕುಳಿತು ಜೋಳ ಬೀಸುತ್ತಿದ್ದಳು. ಒಂದು ಸಲ ನಾನೇ ಅವಳ ಎದುರಿಗೆ ಕೂಡಲು ಹೋದೆ. ಮುದುಕಿಯ ತೋಳು ಸೋಲುತ್ತಿತ್ತು, ಕಲ್ಲು ಬಹಳ ನಿಧಾನವಾಗಿ ತಿರುಗುತ್ತಿತ್ತು. ಅವಳು ತಲೆಯಾಡಿಸಿ, "ಇರಲಿ ಬಿಡವಾ, ಅಲ್ಲಿ ಜಾಗಾ ಇಲ್ಲ" ಎಂದಳು. ಆಗ ನೋಡಿದೆ. ಅವಳ ಮುಷ್ಟಿ ಗೂಟದ ಕೆಳಭಾಗದಲ್ಲಿತ್ತು. ಮೇಲ್ಭಾಗವನ್ನು ಇನ್ನೊಂದು ಕೈಗೆಂದು ಬಿಟ್ಟಿದ್ದಳು.

ನನಗೆ ತಿಳಿದದ್ದು ಇಷ್ಟು. ಬರೆದುದರಲ್ಲಿ ತಪ್ಪುಗಳಿದ್ದರೆ, ತಾಯಿಯವರ ಮಾತಿಗೆ ನನ್ನಿಂದ ಕುಂದು ಬಂದಿದ್ದರೆ, ಓದಿದವರು ದಯವಿಟ್ಟು ಕ್ಷಮಿಸಬೇಕು.